ಮಗ್ಗದ ಕೋಣೆಯ ನೀರಿನ ಕಿಟಕಿ

ಕಿಟಕಿಗೆ ಗಾಜು ತರಲು ಬೆಂಗಳೂರಿಗೆ ಹೋದ ನಮ್ಮ ಮನೆಯವರು ಗಾಜಿನ ತೊಟ್ಟಿ ತಂದರು. ಅವರು ಎಂಥ ಮನುಷ್ಯ ಎಂದು ತಿಳಿಯಲು ಇದೊಂದು ಮಾತು ಸಾಕು. ಆದರೂ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಆ ಚಳಿಗಾಲದಲ್ಲಿ ನಾನು ನಕ್ಕಷ್ಟು, ರೇಗಿದಷ್ಟು, ನೀರು ಹೊತ್ತಷ್ಟು ಬೇರೆ ಯಾವಾಗಲೂ ಇಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ನನಗೆ ಮದುವೆಯಾಗಿ ವರ್ಷ ತುಂಬಿತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಆ ಮನೆಯಲ್ಲಿ ಇದ್ದವರು ಮೂರೇ ಜನ: ಅತ್ತೆ, ಅವರ ಒಬ್ಬನೇ ಮಗ, ಕುಂದಾಣದ ಕಡೆಯಿಂದ ಬಂದ ಬಾಯಾಳಿ ಸೊಸೆ ನಾನು. ಬಾಯಾಳಿ ಎಂಬುದು ಅತ್ತೆ ಕೊಟ್ಟ ಬಿರುದು, ನಾನಾಗಿ ಹೇಳಿಕೊಂಡದ್ದಲ್ಲ. ಮನೆಯಲ್ಲಿ ಎರಡು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಮುಂದಿನ ಕೋಣೆಯದು ಮಗನದು, ಹಿತ್ತಿಲ ಪಕ್ಕದ ಕತ್ತಲೆ ಕೋಣೆಯದು ಅತ್ತೆಯದು. ನಮ್ಮಲ್ಲಿ ಹೆಂಗಸರು ನೂಲು ಸುತ್ತುವವರು, ಮಗ್ಗಕ್ಕೆ ಕೂರುವವರು ಗಂಡಸರು. ಮಾವ ತೀರಿಕೊಂಡಾಗ ಅರ್ಧ ನೇಯ್ದ ಸೀರೆಯೊಂದು ಮಗ್ಗದಲ್ಲೇ ಉಳಿದಿತ್ತಂತೆ. ಅದನ್ನು ನೋಡಲಾರದೆ ಅತ್ತೆ ಗುಂಡಿಗೆ ಇಳಿದು ಕೂತರು. ಬೀದಿಯವರು ಆಡಿಕೊಂಡರು. ಸೀರೆ ಮುಗಿಯಿತು, ಅತ್ತೆ ಮಾತ್ರ ಮೇಲೇಳಲಿಲ್ಲ. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಅವರ ಕೈಯ ಕೆಂಪು ಅಂಚಿನ ಸೀರೆಗೆ ಊರಲ್ಲಿ ಹೆಸರಿತ್ತು.

ಆದರೆ ಕಣ್ಣು ಕೈಕೊಡಲು ಶುರುವಾಗಿತ್ತು. ಬೆಳಕಿದ್ದರೆ ಕಾಣುವುದು, ಮಬ್ಬಾದರೆ ಇಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಒಂದು ಎಳೆ ಕಡಿದರೆ ಸಾಕು, ಒಲೆಯ ಮುಂದಿದ್ದ ನನ್ನನ್ನು ಕೂಗುತ್ತಿದ್ದರು. ನಾನು ಓಡಿ ಹೋಗಿ ತುದಿ ಹುಡುಕಿ ಕೊಡಬೇಕು, ಅವರು ಗಂಟು ಹಾಕಬೇಕು. ಊಟಕ್ಕೆ ಎದುರಿಗೆ ಕೂತ ಮಗನ ಕಡೆ ನೋಡುತ್ತಲೇ, ಇವನು ಸೊರಗಿದ್ದಾನೇನೇ ಎಂದು ನನ್ನನ್ನು ಕೇಳುತ್ತಿದ್ದರು. ಬೀದಿಯ ಹೆಂಗಸರು ಒಳ್ಳೆಯ ಮಾತಿನಲ್ಲೇ, ಇನ್ನು ಸಾಕಮ್ಮ, ರಾಟೆ ಮುಂದೆ ಕೂತು ನೂಲು ಸುತ್ತಿಕೊಂಡಿರು ಎಂದರು. ಹಾಗೆ ಕೂರಿಸುವ ದಿನ ಚಟ್ಟಕ್ಕೂ ಬಿದಿರು ತಂದಿಡಿ ಎಂದು ಅತ್ತೆ ಉತ್ತರ ಕೊಟ್ಟರು. ಅದು ಬರೀ ಸಿಟ್ಟಿನ ಮಾತಲ್ಲ ಎಂದು ಮಗನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೀಪಾವಳಿ ಕಳೆದ ಕೂಡಲೇ ಆ ಕೋಣೆಯ ತೆಂಕಣ ಗೋಡೆಯನ್ನು ಒಂದಾಳುದ್ದ ಒಡೆದು, ಸದ್ಯಕ್ಕೆ ಗೋಣಿತಾಟು ಇಳಿಬಿಟ್ಟು, ನಮ್ಮ ಮನೆಯವರು ಗಾಜಿಗೆಂದು ಬೆಂಗಳೂರಿಗೆ ಹೊರಟರು.

ಯುದ್ಧ ಮುಗಿದಿದ್ದರೂ ಪೇಟೆಯಲ್ಲಿ ಗಾಜು ಸಿಗುವುದು ದುರ್ಲಭವಾಗಿತ್ತು. ಅಂಗಡಿ ಅಂಗಡಿ ಅಲೆದು ಇವರು ಬಿಳಿಯರಿದ್ದ ದಂಡಿನ ಕಡೆ ನಡೆದಿದ್ದಾರೆ. ಅಲ್ಲಿ ಸೀಮೆಗೆ ಹೊರಟ ಯಾರೋ ದೊರೆಯ ಬಂಗಲೆಯಲ್ಲಿ ಸಾಮಾನು ಹರಾಜಾಗುತ್ತಿತ್ತು. ಮೇಜು ಕುರ್ಚಿಗಳ ನಡುವೆ ಕಬ್ಬಿಣದ ಚೌಕಟ್ಟಿನ ದೊಡ್ಡ ಗಾಜಿನ ತೊಟ್ಟಿ. ಅದರೊಳಗೆ ನೀರು, ನೀರೊಳಗೆ ಗಿಡ, ಗಿಡದ ಸಂದಿಯಲ್ಲಿ ಮೀನು. ಇವರು ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದರೋ, ಮಧ್ಯಾಹ್ನದ ಊಟ ಮರೆತಿದ್ದರಂತೂ ನಿಜ. ನೀರು ಚೆಲ್ಲಿ, ಮೀನನ್ನು ಅಲ್ಲೇ ಯಾರಿಗೋ ಕೊಟ್ಟು, ಖಾಲಿ ತೊಟ್ಟಿಯನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು, ಮರುದಿನ ಬೆಳಿಗ್ಗೆ ಮನೆ ಮುಂದೆ ಇಳಿದರು.

ಅತ್ತೆ ಕೈಯಿಂದ ಅದನ್ನು ಸುತ್ತಲೂ ತಡವಿ ನೋಡಿದರು. ನಾಲ್ಕು ತುಂಡು ಗಾಜು ತಾ ಅಂದರೆ ಇದೇನು ತಂದೆ ಎಂದು ಕೇಳಿದರು.

"ನಾಲ್ಕೇ ಇದೆ ಕಣಮ್ಮ. ಒಂದಕ್ಕೊಂದು ಅಂಟ್ಕೊಂಡಿದೆ, ಅಷ್ಟೆ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಅತ್ತೆಗೆ ನಗು ಬರಲಿಲ್ಲ. ಬಜಾರಿನಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವವನ ಹತ್ತಿರ ಗಾಜು ಕೊಯ್ಯುವ ಮೊಳೆ ಇದೆ, ಈಗಲೇ ಕರೆದುಕೊಂಡು ಬಾ ಎಂದರು. ಇವರು ಬೇಡಿಕೊಂಡರು. ಒಡೆದ ಗೋಡೆಯ ಜಾಗದಲ್ಲಿ ತೊಟ್ಟಿಯನ್ನೇ ಕೂರಿಸುತ್ತೇನೆ, ಗಾಜು ಗಾಜೇ, ನೀರಿನ ಮೂಲಕ ಬೆಳಕು ಬರುವುದಿಲ್ಲವೇ, ಬಾವಿಯ ತಳ ಕಾಣುವುದಿಲ್ಲವೇ ಎಂದು ವಾದ ಹೂಡಿದರು. ಅತ್ತೆ ಒಂದು ಷರತ್ತು ಹಾಕಿದರು.

"ಸಂಕ್ರಾಂತಿ ಬೆಳಿಗ್ಗೆ ಮಗ್ಗಕ್ಕೆ ಕೂತ್ಕೋತೀನಿ. ಎಳೆ ಕಡಿದ್ರೆ ತುದಿ ನನ್ನ ಕಣ್ಣಿಗೇ ಕಾಣ್ಬೇಕು. ಕಾಣ್ಲಿಲ್ವೋ, ನಿನ್ನ ತೊಟ್ಟೀನ ಕೊಯ್ಸಿ ಕಿಟಕಿ ಮಾಡಿಸ್ತೀನಿ. ಅದ್ರಲ್ಲೂ ಕಾಣ್ಲಿಲ್ಲ ಅಂದ್ರೆ ರಾಟೆ ಇದ್ದೇ ಇದೆಯಲ್ಲ."

ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣದಾಯಿತು.  ಅವತ್ತಿನಿಂದ ಆ ತೊಟ್ಟಿ ನನ್ನದೂ ಆಯಿತು.

ಕಲ್ಲು ಚಪ್ಪಡಿ ಹೊಂದಿಸಿ, ಗೋಡೆಯ ಬಾಯಿಗೆ ಸರಿಯಾಗಿ ತೊಟ್ಟಿಯನ್ನು ಕೂರಿಸಿದೆವು. ಒಂದು ಗಾಜು ಮಗ್ಗದ ಕಡೆಗೆ, ಎದುರಿನದು ಹಿತ್ತಿಲಿಗೆ, ನೀರು ಹಾಕಲು ಮೇಲೆ ಹಿತ್ತಿಲ ಕಡೆ ಸಂದು. ತಳಕ್ಕೆ ಊರಿನ ನಾಗರಕೆರೆಯಿಂದ ತಂದ ಹೂಳಿನ ಗೋಡುಮಣ್ಣು, ಮಣ್ಣು ಮೇಲೇಳದಂತೆ ಅದರ ಮೇಲೆ ತೊಳೆದ ಮರಳು. ಕೆರೆಯ ಅಂಚಿನಿಂದ ನೀರುಹುಲ್ಲು, ಎಳೆ ನೈದಿಲೆ, ಹೆಸರು ಗೊತ್ತಿಲ್ಲದ ದಂಟಿನ ಗಿಡಗಳನ್ನು ಇವರು ಪೈರಿನಂತೆ ಕಟ್ಟುಕಟ್ಟಾಗಿ ತಂದು ನಾಟಿ ಮಾಡಿದರು. ಪೂರ್ತಿ ಕಾಡು ಬೆಳೆಸುವ ಆಸೆ ಅವರಿಗೆ. ಬೆಳಕು ಎಲ್ಲಿಂದ ಬರುತ್ತದೆ, ನಿಮ್ಮ ತಲೆಯಿಂದಲೋ ಎಂದು ನಾನು ಜಗಳ ತೆಗೆದೆ. ಕೊನೆಗೆ ಎತ್ತರದವು ಎರಡು ಪಕ್ಕಕ್ಕೆ, ನಡುವೆ ಗಿಡ್ಡ ಹುಲ್ಲು ಎಂದು ರಾಜಿಯಾಯಿತು. ಬೆರಳುದ್ದದ ಬೆಳ್ಳಿ ಬಣ್ಣದ ಮೀನುಗಳನ್ನು ಹಳೆ ಪಂಚೆಯಲ್ಲಿ ಹಿಡಿದು ತಂದು ಬಿಟ್ಟರು. ದಾರಿಯಲ್ಲಿ ಕಂಡವರೆಲ್ಲ ಸಾರಿಗಾ ಎಂದು ಕೇಳಿದರಂತೆ, ಮೀನು ಮುಟ್ಟದ ಮನೆಯ ಮಗನನ್ನು.

ಗೋಣಿತಾಟು ತೆಗೆದ ಬೆಳಿಗ್ಗೆ ಆ ಕತ್ತಲೆ ಕೋಣೆಯ ನೆಲದ ಮೇಲೆ ಎಳೆ ಹಸಿರು ಬಿಸಿಲು ಬಿತ್ತು. ನಾನು ಅದರ ನಡುವೆ ಹೋಗಿ ನಿಂತು ನನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ನಮ್ಮ ಮನೆಯವರು ಹಿತ್ತಿಲಿಗೂ ಕೋಣೆಗೂ ಓಡಾಡಿ, ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ ಮೀನು ನೋಡಿದರು. ಬೀದಿಯವರು ಬಂದು, ಶಿವಗಂಗೆ ಬೆಟ್ಟದಲ್ಲಿ ಬಂಡೆಯಲ್ಲಿ ನೀರು, ಇವರ ಮನೆಯಲ್ಲಿ ಗೋಡೆಯಲ್ಲಿ ನೀರು ಎಂದು ತಮಾಷೆ ಮಾಡಿದರು. ಅತ್ತೆ ಗಾಜಿಗೆ ಅಂಗೈ ಒತ್ತಿ ನಿಂತಿದ್ದರು.

ಸಂತೋಷ ಒಂದು ವಾರ ಬಾಳಿತು. ತೆಂಕಣ ಬಿಸಿಲು ನೇರ ಬಿದ್ದು, ನಿಂತ ನೀರು ಪಾಚಿಗಟ್ಟಿ ಹೆಸರುಕಾಳು ತೊಳೆದ ನೀರಾಯಿತು. ಅಂಚಿನ ಕೆಂಪು ನೂಲು ಕಪ್ಪಾಗಿ ಕಾಣುತ್ತಿದೆ ಎಂದು ಅತ್ತೆ ದೂರಿದರು. ದಿನಾ ಪೂರ್ತಿ ನೀರು ಬದಲಾಯಿಸೋಣ ಎಂದು ಇವರು. ಸೇದುವ ಕೈ ಯಾರದು ಎಂದು ನಾನು. ಬಾವಿಯೂ ನನ್ನ ಪರವಾಗಿತ್ತು, ನೀರು ತಳ ಹಿಡಿಯುತ್ತಿತ್ತು. ಕುಡಿಯುವ ನೀರಿಗೆ ಮೂರು ಮಡಕೆ ಒಂದರ ಮೇಲೊಂದು ಇಟ್ಟು ಸೋಸುತ್ತೇವಲ್ಲ, ಅದನ್ನೇ ದೊಡ್ಡದಾಗಿ ಮಾಡೋಣ ಎಂದೆ. ಹಿತ್ತಿಲಲ್ಲಿ ಅಟ್ಟಣಿಗೆ ಕಟ್ಟಿ ಮೂರು ಗುಡಾಣ ಏರಿಸಿದೆವು: ಮೇಲಿನದರಲ್ಲಿ ಬೆಣಚುಕಲ್ಲು, ನಡುವಿನದರಲ್ಲಿ ಇದ್ದಿಲು, ಕೆಳಗಿನದರಲ್ಲಿ ಮರಳು. ಅಲ್ಲಿಂದ ಬಿದಿರಿನ ದಂಬೆಯಲ್ಲಿ ನೀರು ತೊಟ್ಟಿಗೆ ಬೀಳಬೇಕು. ಇನ್ನೊಂದು ತುದಿಯ ತೂಬಿನಿಂದ ಉಕ್ಕಿದ್ದು ಕೆಳಗಿನ ಕಲ್ಲುಬಾನಿಗೆ ಇಳಿಯಬೇಕು. ಬಾನಿಯಿಂದ ಕೊಡದಲ್ಲಿ ಎತ್ತಿ ಮತ್ತೆ ಮೇಲಿನ ಗುಡಾಣಕ್ಕೆ. ಹಿತ್ತಿಲಿಗೆ ಬಂದವರು ಯಾರೇ ಆಗಲಿ ಒಂದು ಕೊಡ ಎತ್ತಿ ಹಾಕಿಯೇ ಮಾತು ಶುರು ಮಾಡಬೇಕೆಂದು ಕಾನೂನು ಮಾಡಿದೆ. ಮಜ್ಜಿಗೆಗೆಂದು ಬಂದ ಪಕ್ಕದ ಮನೆಯಾಕೆ ಕೊಡ ಎತ್ತಿ, ಬೈದು, ಮರುದಿನ ತಾನಾಗಿ ಬಂದು ಮತ್ತೆ ಎತ್ತಿದಳು. ಮೀನು ನೋಡುವ ಆಸೆ ಅವಳಿಗೂ ಹತ್ತಿತ್ತು.

ಪಾಚಿ ಇಳಿಯಿತು. ಆದರೆ ನೀರಿನ ಜೊತೆ ಇದ್ದಿಲ ಪುಡಿ ಬರತೊಡಗಿತು. ಅದಕ್ಕೆ ಬಟ್ಟೆ ಕಟ್ಟಬೇಕು ಎಂದಾಗ ಅತ್ತೆಗೆ ಮೊದಲ ಸಲ ಉತ್ಸಾಹ ಬಂತು. ನೇಕಾರರ ಮನೆಯಲ್ಲಿ ಬಟ್ಟೆಗೆ ಬರವೇ ಎಂದು ತಮ್ಮ ಪೆಟ್ಟಿಗೆ ತೆಗೆದರು. ಹಳೆ ಚಿಂದಿ ಸಾಕು ಎಂದರೆ ಕೇಳಲಿಲ್ಲ. ಶುಭಕ್ಕೆ ಇಡುವ ಬಟ್ಟೆ ಮಗ್ಗದಿಂದ ಕೊಯ್ದು ಇಳಿಸಿದ ಹಾಗೇ ಇರಬೇಕು, ನೀರು ಮುಟ್ಟಿರಬಾರದು. ಅದು ನಮ್ಮಲ್ಲಿನ ಪದ್ಧತಿ. ತಾವೇ ನೇಯ್ದ ಹೊಸ ಬಿಳಿ ಬಟ್ಟೆ, ಒಂದು ಹನಿ ನೀರು ಕಾಣದ್ದು, ಎಂಟು ಪದರ ಮಡಿಸಿ, ಅರಿಶಿನ ಕುಂಕುಮ ಹಚ್ಚಿ, ಗುಡಾಣದ ಬಾಯಿಗೆ ಕಟ್ಟಿಸಿದರು. ಇಂಥ ಸೋಸು ದೊರೆಯ ಬಂಗಲೆಯಲ್ಲೂ ಇರಲಿಲ್ಲ ಎಂದು ಇವರು ಕುಣಿದಾಡಿದರು.

ಮರುದಿನ ನೀರು ಮಬ್ಬಾಯಿತು. ಅದರ ಮರುದಿನ ಬೆಳ್ಳಗಾಯಿತು. ಆಮೇಲೆ ಕಿಟಕಿ ತುಂಬಾ ಹಾಲು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾವು ಮರಳು ತೊಳೆದೆವು, ಇದ್ದಿಲು ಬದಲಾಯಿಸಿದೆವು, ಗುಡಾಣ ಬದಲಾಯಿಸಿದೆವು, ಪ್ರತಿ ಸಲವೂ ಇನ್ನೊಂದು ಹೊಸ ಬಟ್ಟೆ ಕಟ್ಟಿದೆವು. ತೊಟ್ಟಿ ಇನ್ನಷ್ಟು ಬೆಳ್ಳಗಾಯಿತು.  ಒಂದು ಸಂಜೆ ಅತ್ತೆ ಅಟ್ಟದ ಮೇಲಿನ ಹಳೇ ರಾಟೆಯನ್ನು ಇಳಿಸಿಕೊಂಡು ಧೂಳು ಒರೆಸುತ್ತಾ ಕೂತಿದ್ದನ್ನು ನೋಡಿ ನನಗೆ ಅಳು ಬಂತು. ನಮ್ಮ ಮನೆಯವರಂತೂ ತಾವೇ ಹೋಗಿ ಗಾಜು ಕೊಯ್ಯುವ ಪಟದವನನ್ನು ಕರೆದು ತರುತ್ತೇನೆ ಎಂದು ಚಪ್ಪಲಿ ಮೆಟ್ಟತೊಡಗಿದರು.

ಅವರು ಬಾಗಿಲಲ್ಲಿದ್ದಾಗಲೇ ಬೀಬಮ್ಮ ಬಂದರು. ಬೀದಿಯ ತುದಿಯಲ್ಲಿ ಜರಿ ವ್ಯಾಪಾರದ ಸಾಹೇಬರ ಹೆಂಡತಿ. ಅತ್ತೆಗೂ ಅವರಿಗೂ ಬಹಳ ವರ್ಷದ ಸ್ನೇಹ. ಮಗಳ ಬಾಣಂತನಕ್ಕೆ ಹೊಸಕೋಟೆಗೆ ಹೋಗಿದ್ದವರು ಅವತ್ತೇ ವಾಪಸು ಬಂದಿದ್ದರು. ಕಾನೂನಿನ ಪ್ರಕಾರ ಅವರ ಕೈಗೂ ಕೊಡ ಕೊಟ್ಟೆ. ಅವರು ಕೊಡ ಹಿಡಿದು ಬಾನಿಯ ಕಡೆ ಬಗ್ಗಿದವರು, ಹಾಗೇ ನಿಂತು ಮೂಗು ಅರಳಿಸಿದರು.

"ಯಾ ಅಲ್ಲಾ, ನಮಗೆ ರೇಷನ್ ಅಕ್ಕಿ, ನಿಮ್ಮ ಮೀನಿಗೆ ಗಂಜಿ ಊಟಾನಾ?"

ಯಾವ ಗಂಜಿ ಎಂದು ನಾವು ಮೂವರೂ ಒಟ್ಟಿಗೆ ಕೇಳಿದೆವು. ಹುಳಿತ ಗಂಜಿ ನಾತ ಇಲ್ಲಿ ತನಕ ಹೊಡೀತಾ ಇದೆ, ನಿಮಗೆ ಮೂಗಿಲ್ಲವಾ ಎಂದರು ಬೀಬಮ್ಮ.

ಮೂಗು ಇತ್ತು. ಆದರೆ ಆ ಮೂಗುಗಳು ಗಂಜಿಯಲ್ಲೇ ಹುಟ್ಟಿ ಬೆಳೆದವು. ಹಾಸಿನ ನೂಲು ಕಡಿಯದಿರಲೆಂದು ಗಂಜಿ ಹಾಕಿ ಒಣಗಿಸಿಯೇ ಮಗ್ಗಕ್ಕೆ ಏರಿಸುವುದು. ಮೊಣಕೈತನಕ ಗಂಜಿ ಮೆತ್ತಿಕೊಳ್ಳದ ವಾರವೇ ಇಲ್ಲ ನಮ್ಮ ಬೀದಿಯಲ್ಲಿ. ಗೋಡೆಗೆ ಗಂಜಿ ನಾತ, ಕೂದಲಿಗೆ ಗಂಜಿ ನಾತ, ಅದು ನಮಗೆ ನಾತವೇ ಅಲ್ಲ, ಗಾಳಿ. ನೀರು ಮುಟ್ಟದ ಬಟ್ಟೆ ಎಂದರೆ ಗಂಜಿ ಬಿಡದ ಬಟ್ಟೆ ಎಂದು ಮೂರು ಜನ ನೇಕಾರರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಂಟೆಂಟು ಪದರ ಕಟ್ಟಿ, ನಿಲ್ಲದೆ ನೀರು ಹೊಯ್ದು, ಕೆರೆಯ ಮೀನಿಗೆ ಗಂಜಿ ಕುಡಿಸಿದ್ದೆವು. ಮೊದಲು ನಕ್ಕವರು ಅತ್ತೆ. ಗೋಡೆ ಹಿಡಿದುಕೊಂಡು ನಕ್ಕರು, ಕೆಳಗೆ ಕೂತು ನಕ್ಕರು, ಕಣ್ಣೀರು ಒರೆಸಿಕೊಂಡು ಬೀಬಮ್ಮನ ಮುಖ ನೋಡಿ ಮತ್ತೆ ನಕ್ಕರು. ಇವರು ಒಂದು ಕಾಲಿನ ಚಪ್ಪಲಿಯಲ್ಲೇ ಗುಡಾಣದ ಬಟ್ಟೆ ಕಿತ್ತೆಸೆದರು.

ಅದೇ ಬಟ್ಟೆಯನ್ನು ಬೂದಿ ನೀರಿನಲ್ಲಿ ಕುದಿಸಿ, ಕಲ್ಲಿನ ಮೇಲೆ ಸೆಣೆದು, ಹಿಂಡಿದ ನೀರು ತಿಳಿಯಾಗುವವರೆಗೆ ಜಾಲಿಸಿ ಕಟ್ಟಿದೆ. ತೊಟ್ಟಿಯ ಅರ್ಧ ನೀರು ಚೆಲ್ಲಿ ಬಾವಿಯ ನೀರು ತುಂಬಿದೆವು, ಎರಡು ದಿನ ಬಿಟ್ಟು ಮತ್ತೆ ಅರ್ಧ. ಕಿಟಕಿ ತೊಳೆದ ಹಾಗೆ ತಿಳಿಯಾಯಿತು. ಸಂಕ್ರಾಂತಿಗೆ ಇನ್ನು ವಾರವೂ ಇರಲಿಲ್ಲ. ನಮಗೆ ಹುಚ್ಚು ಹಿಡಿದಿತ್ತು ಅಂತಲೇ ಅನ್ನಿ. ಮೂಡಿಬಂದ ಉತ್ಸಾಹದಲ್ಲಿ ಇವರು ದಂಬೆಯನ್ನು ಅಗಲ ಮಾಡಿ, ಎತ್ತರ ಮಾಡಿ, ನೀರು ದುಮುಕುವಂತೆ ಬಿಟ್ಟರು. ಮೀನುಗಳು ಆ ಧಾರೆಗೆ ಎದುರಾಗಿ ಈಜುತ್ತಾ ಕುಣಿದವು, ನೀರುಹುಲ್ಲು ತೂಗಾಡಿತು. ಇವರೂ ನಾನೂ ಪಾಳಿಯ ಮೇಲೆ ಕೊಡ ಎತ್ತಿದೆವು, ಒಬ್ಬರ ಮೇಲೊಬ್ಬರು ಚೆಲ್ಲಿಕೊಂಡೆವು.

ಒಳಗಿನಿಂದ ಅತ್ತೆ ಕೂಗಿದರು. ಓಡಿ ಹೋಗಿ ನೋಡಿದರೆ, ಮಗ್ಗದ ಮರ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದಾರೆ. ಅಲೆಯೊಳಗಿಂದ ಬಂದ ಬಿಸಿಲು ಹಾಸಿನ ಮೇಲೆಲ್ಲ ಓಡಾಡುತ್ತಿತ್ತು. ಹಾಸೇ ಹೊಳೆಯ ಹಾಗೆ ಹರೀತಾ ಇದೆ, ತಲೆ ಸುತ್ತುತ್ತೆ, ಎಳೆ ಯಾವುದು ಬಿಸಿಲು ಯಾವುದು ತಿಳೀತಿಲ್ಲ ಎಂದರು. ದಂಬೆ ಕಟ್ಟಿ ಹನಿ ಹನಿ ಬಿಟ್ಟೆವು. ಬೆಳಕು ನಿಂತಿತು, ಆದರೆ ತೊಟ್ಟಿಯ ಆ ತುದಿಯಲ್ಲಿ ನೀರು ಸತ್ತು, ಗಿಡದ ಬುಡ ಕೊಳೆತು, ಮೀನುಗಳೆಲ್ಲ ಹನಿ ಬೀಳುವ ಮೂಲೆಯಲ್ಲಿ ಗುಂಪುಗಟ್ಟಿದವು. ಮೀನು ಬದುಕಬೇಕಾದರೆ ನೀರು ಓಡಬೇಕು, ಅತ್ತೆ ನೇಯಬೇಕಾದರೆ ನೀರು ಅಲುಗಬಾರದು. ಎರಡು ದಿನ ಇದೇ ಮಾತು, ಇದೇ ಜಗಳ, ಅಟ್ಟಣಿಗೆಯ ಮೇಲೊಂದು ಕೆಳಗೊಂದು ತಲೆ.

ಹಬ್ಬದ ಹಿಂದಿನ ದಿನ ಹೊಸ ಹಾಸು ಬಿಗಿಯಲು ಅತ್ತೆಗೆ ಕೈಜೋಡಿಸುತ್ತಿದ್ದೆ. ಒಂದೇ ಕಡೆ ಜಗ್ಗಬೇಡ ಕಣೇ, ಎಲ್ಲಾ ಎಳೆಗೂ ಸಮವಾಗಿ ಹಂಚು, ಆಗ ಬಿಗಿಯೂ ಬರುತ್ತೆ, ಅಲುಗೋದೂ ಇಲ್ಲ ಎಂದು ಅವರು ಗದರಿದರು. ನಾನು ಹಾಸನ್ನು ಹಾಗೇ ಬಿಟ್ಟು ಹಿತ್ತಿಲಿಗೆ ಓಡಿದೆ. ನೀರನ್ನೂ ಒಂದೇ ಕಡೆ ಯಾಕೆ ಬೀಳಿಸಬೇಕು? ತೊಟ್ಟಿಯಷ್ಟು ಉದ್ದದ ಬಿದಿರು ತಂದು, ಒಂದು ತುದಿ ಮುಚ್ಚಿ, ಕಾದ ಕಂಬಿಯಿಂದ ಉದ್ದಕ್ಕೂ ಸಣ್ಣ ಸಣ್ಣ ತೂತು ಸುಟ್ಟು, ದಂಬೆಯ ನೀರು ಇನ್ನೊಂದು ತುದಿಯಿಂದ ಇಳಿಯುವಂತೆ ಅದನ್ನು ನೀರಿನ ಒಳಗೇ ಮುಳುಗಿಸಿ ಹಿತ್ತಿಲ ಕಡೆಯ ಗಾಜಿಗೆ ಒರಗಿಸಿ ಎಂದು ಇವರಿಗೆ ಹೇಳಿದೆ. ಇವರು ಆಗ ನನ್ನನ್ನು ನೋಡಿದ ಹಾಗೆ ಮದುವೆಯ ದಿನವೂ ನೋಡಿರಲಿಲ್ಲ. ಸಂಜೆಯೊಳಗೆ ಬಿದಿರು ನೀರಿಗಿಳಿಯಿತು. ಹುಲ್ಲಿನ ಎಸಳುಗಳು ತೊಟ್ಟಿಯ ಉದ್ದಕ್ಕೂ ಒಂದೇ ಕಡೆಗೆ ಮೆಲ್ಲಗೆ ಬಾಗಿದವು. ಮೀನುಗಳು ಎಲ್ಲ ಕಡೆ ಹರಡಿಕೊಂಡವು. ಮೇಲ್ಗಡೆ ನೀರು ಅಲುಗಲಿಲ್ಲ.

ಸಂಕ್ರಾಂತಿ ಬೆಳಿಗ್ಗೆ ಅತ್ತೆ ಮಿಂದು, ದೇವರಿಗೆ ಕೈಮುಗಿದು, ಗುಂಡಿಗೆ ಇಳಿದರು. ನಾನು ಎಳ್ಳು ಹುರಿಯುವುದು ಬಿಟ್ಟು ಬಾಗಿಲ ಮರೆಯಲ್ಲಿ ನಿಂತೆ. ನಮ್ಮ ಮನೆಯವರು ಹಿತ್ತಿಲಲ್ಲಿ, ಆ ಕಡೆಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಪಕ್ಕದಿಂದ ಎಳೆ ಬಿಸಿಲು ಅವರ ಕೆನ್ನೆಗೆ ಬಿದ್ದಿತ್ತು, ಮುಖದ ಮುಂದೆ ಮೀನು ಹಾದುಹೋಗುತ್ತಿತ್ತು. ಲಾಳಿ ಆ ಕಡೆ ಈ ಕಡೆ ಓಡಿತು. ಸ್ವಲ್ಪ ಹೊತ್ತಿಗೆ ಒಂದು ಎಳೆ ಕಡಿಯಿತು.

ನನ್ನನ್ನು ಕೂಗುತ್ತಾರೆಂದು ಒಂದು ಹೆಜ್ಜೆ ಮುಂದಿಟ್ಟೆ. ಕೂಗಲಿಲ್ಲ. ಅತ್ತೆ ಬಗ್ಗಿದರು, ಒಂದು ತುದಿ ಹಿಡಿದರು, ಇನ್ನೊಂದು ತುದಿ ಹಿಡಿದರು, ಬೆರಳು ತಿರುವಿ ಗಂಟು ಹಾಕಿದರು. ಲಾಳಿ ಮತ್ತೆ ಓಡಿತು. ಆಮೇಲೆ, ತಲೆ ಎತ್ತಿ ಕಿಟಕಿಯ ಕಡೆ ನೋಡಿ, ನಾನಿರುವುದು ಗೊತ್ತೆಂಬಂತೆ ಹೇಳಿದರು.

"ನಿನ್ನ ಗಂಡನಿಗೆ ಹೇಳು, ಆ ಮೂತಿ ತೆಗೀಲಿ ಅಂತ. ಬೆಳಕಿಗೆ ಅಡ್ಡ ನಿಂತಿದಾನೆ. ಹಬ್ಬದ ದಿನಾನೂ ಗಡ್ಡ ಬೋಳಿಸ್ಕೊಂಡಿಲ್ಲ, ನೋಡು."

ಬಾಯಾಳಿಗೆ ಬಾಯಿ ಕಟ್ಟಿಹೋಯಿತು. ಹಿತ್ತಿಲಿಗೆ ಓಡಿ, ಕೈಸನ್ನೆಯಲ್ಲಿ ಗಡ್ಡ ತೋರಿಸಿದೆ, ಒಳಗೆ ತೋರಿಸಿದೆ. ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೆನ್ನೆ ಸವರಿಕೊಂಡರು. ಅಮ್ಮನಿಗೆ ಗಡ್ಡ ಕಂಡಿತಾ ಎಂದು ಕೇಳಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಅಳುತ್ತಿದ್ದರೋ ನಗುತ್ತಿದ್ದರೋ, ನಾನು ಎರಡನ್ನೂ ಮಾಡುತ್ತಿದ್ದೆ. ಆಮೇಲೆ ಅವರು ಎದ್ದು, ಕತ್ತಿ ಸಾಬೂನು ತಂದು, ಅದೇ ತೊಟ್ಟಿಯ ಗಾಜಿನಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಲು ನಿಂತರು. ಬೆಳಕಿಗೆ ಅಡ್ಡ ಬಂದ ಎಂದು ಒಳಗಿನಿಂದ ಮತ್ತೆ ಬೈಗುಳ ಬಂತು.